ಪೈಲಟ್ ತರಬೇತಿಗೆ ಶುಲ್ಕ ಕಟ್ಟುವ ಮೊದಲು ಬಣ್ಣದ ಪರೀಕ್ಷೆ ಮುಗಿಸಿ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದರೆ ಸಾಕು, ಮುಂಬಯಿಯ ನಮ್ಮ ಹೋಟೆಲಿನವರ ಮನೆಗಳಲ್ಲಿ ಮಗನನ್ನು ಪೈಲಟ್ ಮಾಡುವ ಮಾತು ಏಳುತ್ತದೆ. ಸಾಲಕ್ಕೆ ಬ್ಯಾಂಕು, ಸೀಟಿಗೆ ತರಬೇತಿ ಶಾಲೆ ಎಂದು ಓಡಾಟ ಶುರುವಾಗುತ್ತದೆ. ಕಣ್ಣಿನ ವಿಚಾರ ನೆನಪಾಗುವುದು ಹಣ ಕಟ್ಟಿದ ಮೇಲೆ. ಈ ಕ್ರಮವನ್ನು ತಿರುಗಿಸಿ.

ಮೊದಲು ಮನೆಯಲ್ಲೇ ವಿಚಾರಿಸಿ. ಕೆಂಪು-ಹಸಿರು ಗೊಂದಲದ ಹುಟ್ಟುದೋಷ ಎಕ್ಸ್ ವರ್ಣತಂತುವಿನಲ್ಲಿ ಬರುತ್ತದೆ. ಮಗನಿಗೆ ಆ ವರ್ಣತಂತು ಸಿಗುವುದು ತಾಯಿಯಿಂದ. ಹಾಗಾಗಿ ಅಪ್ಪನ ಕಣ್ಣು ಹೇಗಿದೆ ಎಂಬುದಕ್ಕಿಂತ ತಾಯಿಯ ತಂದೆ, ಸೋದರಮಾವಂದಿರ ಕಣ್ಣು ಹೇಗಿದೆ ಎಂದು ಕೇಳಬೇಕು. ಅಳಿಯಸಂತಾನ ಕಂಡ ಬಂಟರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಾವನದು ಅಳಿಯನಿಗೆ!

ಮುಂದಿನದು ಹತ್ತಿರದ ಕಣ್ಣಿನ ವೈದ್ಯರಲ್ಲಿ ಇಶಿಹಾರಾ ಪರೀಕ್ಷೆ. ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಫಲಕಗಳ ಪುಸ್ತಕವಿದು. ಮೊದಲ ಫಲಕದ 12 ಎಲ್ಲರಿಗೂ ಕಾಣುತ್ತದೆ. ಎರಡನೆಯದರಲ್ಲಿ ಸಾಮಾನ್ಯ ದೃಷ್ಟಿಯವರು 8 ಓದಿದರೆ, ದೋಷವಿರುವವರು 3 ಎನ್ನುತ್ತಾರೆ. ದೋಷವಿದ್ದವರಿಗೆ ಮಾತ್ರ ಅಂಕಿ ಕಾಣುವ ಫಲಕಗಳೂ ಇವೆ. ಪುಸ್ತಕ ಕಣ್ಣಿನಿಂದ 75 ಸೆಂ.ಮೀ. ದೂರದಲ್ಲಿರಬೇಕು, ಉತ್ತರ ಸುಮಾರು 3 ಸೆಕೆಂಡಿನೊಳಗೆ ಬರಬೇಕು. ಬೆಳಕು ಹಗಲಿನದೋ ಅದಕ್ಕೆ ಸಮನಾದದ್ದೋ ಆಗಿರಲಿ. ಹಳದಿ ಬಲ್ಬಿನ ಕೆಳಗೆ ತೇರ್ಗಡೆಯಾದದ್ದಕ್ಕೆ ಬೆಲೆಯಿಲ್ಲ. ಮೊಬೈಲ್ ಪರದೆಯಲ್ಲಿ ನೋಡಿದ್ದಕ್ಕಂತೂ ಇಲ್ಲವೇ ಇಲ್ಲ.

ಫಲಕಗಳನ್ನು ಬಾಯಿಪಾಠ ಮಾಡಿಸುವವರ ಮಾತಿಗೆ ಮರುಳಾಗಬೇಡಿ. ವಿಮಾನ ಸರಿಯಾದ ಎತ್ತರದಲ್ಲಿ ಇಳಿಯುತ್ತಿದೆಯೇ ಎಂದು ಪೈಲಟ್‌ಗೆ ತೋರಿಸಲು ರನ್‌ವೇ ಪಕ್ಕದಲ್ಲಿರುವ ‘ಪಾಪಿ’ (PAPI) ದೀಪಗಳು ನಾಲ್ಕು. ಎರಡು ಬಿಳಿ, ಎರಡು ಕೆಂಪು ಕಂಡರೆ ವಿಮಾನ ಸರಿಯಾದ ಇಳಿಜಾರಿನಲ್ಲಿದೆ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದೆ. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ. 2002ರ ಜುಲೈಯಲ್ಲಿ ಅಮೆರಿಕದ ಟಲ್ಲಹಸ್ಸಿಯಲ್ಲಿ ಫೆಡೆಕ್ಸ್‌ನ ಬೋಯಿಂಗ್ 727 ಸರಕು ವಿಮಾನ ರನ್‌ವೇಗೆ ಮುಂಚೆಯೇ ಮರಗಳಿಗೆ ಬಡಿದು ಬಿತ್ತು. ಸಹ ಪೈಲಟ್‌ನ ವರ್ಣದೃಷ್ಟಿ ದೋಷವೂ ಅದಕ್ಕೆ ಕಾರಣಗಳಲ್ಲೊಂದು ಎಂದು ತನಿಖೆ ಹೇಳಿತು. ಬಣ್ಣದ ಲೆನ್ಸ್ ಹಾಕಿ ಪರೀಕ್ಷೆಗೆ ಹೋಗುವುದೂ ಬೇಡ. ಅದರಿಂದ ದೋಷ ವಾಸಿಯಾಗುವುದಿಲ್ಲ.

ಬಳಿಕ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಮಾನ್ಯತೆ ಪಡೆದ ವೈದ್ಯರಲ್ಲಿ ಎರಡನೆಯ ದರ್ಜೆಯ ವೈದ್ಯಕೀಯ ಪರೀಕ್ಷೆ. ಅವರ ಪಟ್ಟಿ ಡಿಜಿಸಿಎ ಜಾಲತಾಣದಲ್ಲಿದೆ. ವಾಣಿಜ್ಯ ಲೈಸೆನ್ಸಿಗೆ ಮೊದಲ ದರ್ಜೆ ಬೇಕು. ಇದನ್ನು ನಡೆಸುವ ಕೇಂದ್ರಗಳಲ್ಲಿ ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯೂ ಒಂದು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ನೆಂಟರ ಮನೆಯಲ್ಲಿ ಉಳಿದರಾಯಿತು. ಕೇಂದ್ರದ ವರದಿಯ ಮೇಲೆ ಅಂತಿಮ ತೀರ್ಮಾನ ಡಿಜಿಸಿಎಯದು.

ಇಶಿಹಾರಾದಲ್ಲಿ ಎಡವಿದರೆ ಅಲ್ಲಿಗೇ ಎಲ್ಲ ಮುಗಿಯಿತೆಂದಲ್ಲ. ವಿಮಾನಯಾನದ ಬಣ್ಣದ ದೀಪಗಳನ್ನು ತಡವರಿಸದೆ ಗುರುತಿಸಬಲ್ಲವರನ್ನು ಅರ್ಹರೆಂದು ಪರಿಗಣಿಸಲು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಲ್ಲಿ ಅವಕಾಶವಿದೆ. ವಾಯುಪಡೆಯ ವೈದ್ಯರು ಇದಕ್ಕೆ ಲ್ಯಾಂಟರ್ನ್ ಪರೀಕ್ಷೆ ಬಳಸುತ್ತಾರೆ: ಕತ್ತಲ ಕೋಣೆ, ದೂರದಲ್ಲಿ ಪುಟ್ಟ ದೀಪಗಳು, ಬಣ್ಣ ಹೇಳಬೇಕು. ಇಶಿಹಾರಾದ ಬಳಿಕದ ಬಣ್ಣದ ಪರೀಕ್ಷೆ ಯಾವುದು, ಯಾವಾಗ ಎಂಬುದನ್ನು ವೈದ್ಯರಿಂದ ಬರಹದಲ್ಲೇ ಕೇಳಿ ಪಡೆಯಿರಿ. ಅನರ್ಹ ಎಂದಾದರೆ ಮೇಲ್ಮನವಿಗೂ ಆ ಕಾಗದ ಬೇಕು.

ತರಬೇತಿ ಶಾಲೆಯವರು ‘ಸೀಟು ಹೋಗುತ್ತದೆ, ಮುಂಗಡ ಕಟ್ಟಿ’ ಎಂದು ಅವಸರಿಸಿದರೆ, ಮೊದಲ ದರ್ಜೆ ಸಿಗದಿದ್ದಲ್ಲಿ ಪೂರ್ತಿ ಹಣ ವಾಪಸ್ ಎಂದು ಬರೆದುಕೊಡಲು ಹೇಳಿ. ಬರೆದುಕೊಡದಿದ್ದರೆ ಬೇರೆ ಶಾಲೆ ನೋಡಿ.