ಡಬ್ಬಿ ಮಾಂಸಕ್ಕೆ ಉಪ್ಪುಕಂಡದ ದಾರಿ

ಡಬ್ಬಿಯಲ್ಲಿ ಬರುವ ಹಂದಿ ಮಾಂಸವನ್ನು ಹಸಿ ಬಾಡು ಅಂದುಕೊಂಡು ಸಾರಿಗೆ ಹಾಕಿದರೆ ಮನೆಮಂದಿಯೆಲ್ಲ ಬೈಯುತ್ತಾರೆ. ಉಪ್ಪುಕಂಡ, ಅಂದರೆ ಉಪ್ಪು ಸವರಿ ಒಣಗಿಸಿದ ಬಾಡು, ಅಂದುಕೊಂಡು ಮಾಡಿದರೆ ಅರ್ಧ ಜನವಾದರೂ ಇನ್ನೊಂದು ಸೌಟು ಕೇಳುತ್ತಾರೆ. ನಾನು ಮಾಡುವುದು ಈ ಎರಡನೆಯ ಥರ.

ನಮ್ಮ ಮನೆಗೆ ಈ ಪದಾರ್ಥ ತಂದವನು ಮೈದುನ. ಕೆಲಸಕ್ಕೆ ಅಂತ ಕೊರಿಯಾದಲ್ಲಿದ್ದು ಬಂದವನಿಗೆ ಸ್ಪ್ಯಾಮ್ ಅನ್ನುವ ಈ ಡಬ್ಬಿ ಮಾಂಸದ ರುಚಿ ಹತ್ತಿಬಿಟ್ಟಿದೆ. ಈಗ ಬೆಂಗಳೂರಲ್ಲಿ ವಿದೇಶಿ ಸಾಮಾನು ಮಾರುವ ಅಂಗಡಿಯಿಂದ ತರುತ್ತಾನೆ. ಅದೇ ದುಡ್ಡಿಗೆ ಹಸಿ ಹಂದಿ ಮಾಂಸ ಕೆಜಿಗೂ ಮೇಲೆ ಬರುತ್ತದೆ, ಅದು ಬೇರೆ ಮಾತು. ಅಮೆರಿಕದ ಹಾರ್ಮೆಲ್ ಕಂಪನಿ 1937ರಲ್ಲಿ ಮಾರುಕಟ್ಟೆಗೆ ಬಿಟ್ಟ ಈ ಡಬ್ಬಿ ಎರಡನೇ ಮಹಾಯುದ್ಧದಲ್ಲಿ ಸೈನಿಕರ ಜೊತೆ ಊರೂರು ಸುತ್ತಿತು. ಕೊರಿಯಾದವರು ತಮ್ಮ ಯುದ್ಧದ ನಂತರದ ಹಸಿವಿನ ದಿನಗಳಲ್ಲಿ ಅಮೆರಿಕನ್ ಸೇನಾ ಶಿಬಿರಗಳಿಂದ ಸಿಕ್ಕಿದ್ದನ್ನೇ ಕಿಮ್ಚಿ ಅನ್ನುವ ಹುಳಿ ಬರಿಸಿದ ಕೋಸಿನ ಜೊತೆ ಕುದಿಸಿ ಬುದೇ ಜಿಗೇ ಅನ್ನುವ ಖಾರದ ಸಾರು ಮಾಡಿಕೊಂಡರು. ಇವತ್ತಿಗೂ ಅಲ್ಲಿ ಸುಗ್ಗಿ ಹಬ್ಬಕ್ಕೆ ಸ್ಪ್ಯಾಮ್ ಪೆಟ್ಟಿಗೆಯನ್ನು ಉಡುಗೊರೆ ಕೊಡುತ್ತಾರೆ.

ಈ ಕಥೆಯನ್ನು ಬನ್ನೂರು ಕುರಿ ತಿಂದು ಬೆಳೆದ ಮಂಡ್ಯ ಸೀಮೆಯವರಿಗೆ ಹೇಳಿ ನೋಡಿ! ನಮ್ಮ ಮಾವ ಕೇಳಿದ್ದು ಒಂದೇ: "ಯಾವತ್ತು ಕುಯ್ದಿದ್ದವ್ವ ಇದ್ನ?" ಬೆಳಿಗ್ಗೆ ಕುಯ್ದ ಮರಿ ಮಧ್ಯಾಹ್ನದೊಳಗೆ ಬೆಂದು ತಟ್ಟೆಗೆ ಬೀಳಬೇಕು ಅನ್ನುವವರು ಅವರು. ಡಬ್ಬಿ ತಳದ ತಾರೀಖು ಓದಿ, ವರ್ಷಗಟ್ಟಲೆ ಕೆಡಲ್ಲ ಮಾವ ಅಂದೆ. ಅನುಮಾನ ಇನ್ನೂ ಜಾಸ್ತಿಯಾಯ್ತು. ಅತ್ತೆಯ ತಕರಾರೇ ಬೇರೆ. ನಮ್ಮಲ್ಲಿ ಹಂದಿ ಬೇಯುವುದು ಹಿತ್ತಿಲ ಒಲೆಯಲ್ಲಿ, ಅದಕ್ಕೇ ಅಂತ ಇಟ್ಟ ಪಾತ್ರೆಯಲ್ಲಿ. "ಡಬ್ಬೀಲಿದ್ರೂ ಹಂದಿ ಹಂದೀನೇ ಕನವ್ವ, ಒಳೀಕೆ ತರ್ಬೇಡ" ಅಂದರು. ಇದಕ್ಕೆ ನಾನು ಎದುರಾಡಲಿಲ್ಲ, ಹಿತ್ತಿಲಲ್ಲೇ ಮಾಡುತ್ತೇನೆ.

ಇದು ಹಳಸಲು ಅನ್ನುವ ಮಾವನ ಅನುಮಾನವನ್ನು ಮಾತ್ರ ಒಪ್ಪಲ್ಲ. ಮಾಂಸ ತುಂಬಿ, ಗಾಳಿಯಾಡದಂತೆ ಮುಚ್ಚಿ, ಆಮೇಲೆ ಡಬ್ಬಿ ಸಮೇತ ಬೇಯಿಸುತ್ತಾರೆ. ಒಳಗಿನ ಕ್ರಿಮಿ ಸಾಯುತ್ತದೆ, ಹೊರಗಿನದಕ್ಕೆ ನುಗ್ಗಲು ಸಂದಿಯಿಲ್ಲ. ನಮ್ಮ ಮೈಸೂರಿನಲ್ಲೇ 1961ರಿಂದ ಇರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ (ಡಿಎಫ್‌ಆರ್‌ಎಲ್) ಸೈನಿಕರಿಗಾಗಿ ರೂಪಿಸಿದ ಪೊಟ್ಟಣದ ಪಲಾವ್ ಫ್ರಿಜ್ ಇಲ್ಲದೆ ಉಳಿಯುವುದೂ ಇದೇ ಉಪಾಯದಿಂದ. ಅಷ್ಟಕ್ಕೂ ಮಾರಿಹಬ್ಬದಲ್ಲಿ ಮಿಕ್ಕ ಬಾಡಿಗೆ ಉಪ್ಪು, ಅರಿಶಿನ ಸವರಿ, ದಾರಕ್ಕೆ ಪೋಣಿಸಿ, ಬಿಸಿಲಲ್ಲಿ ಒಣಗಿಸಿ, ತಿಂಗಳುಗಟ್ಟಲೆ ತಿಂದವರು ಯಾರು? ಇದೇ ಮಾವ.

ಇದರಲ್ಲಿ ಉಪ್ಪು ಜಾಸ್ತಿ ಅಂತ ಬೈಯುವವರ ಮಾತು ನಿಜ. ಡಬ್ಬಿ ಮೇಲಿನ ಲೆಕ್ಕ ನೋಡಿ: 56 ಗ್ರಾಂ ಮಾಂಸಕ್ಕೆ 790 ಮಿಲಿಗ್ರಾಂ ಸೋಡಿಯಂ. 340 ಗ್ರಾಂನ ಇಡೀ ಡಬ್ಬಿಗೆ ಹೆಚ್ಚೂಕಡಿಮೆ 12 ಗ್ರಾಂ ಉಪ್ಪಾಯಿತು. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ. ಅದರ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರಬಲ್ಲ ಪದಾರ್ಥಗಳ ಪಟ್ಟಿಗೂ ಸೇರಿಸಿದೆ. ಆದ್ದರಿಂದ ಇದು ಅಪರೂಪಕ್ಕೆ, ಒಂದು ಡಬ್ಬಿ ಆರೇಳು ಜನಕ್ಕೆ. ಮಕ್ಕಳ ಟಿಫನ್ ಬಾಕ್ಸಿಗೆ ದಿನಾ ಕಟ್ಟುವ ಮಾಲಲ್ಲ.

ಡಬ್ಬಿ ಉಬ್ಬಿದ್ದರೆ, ಸೋರುತ್ತಿದ್ದರೆ ಮುಖ ನೋಡದೆ ಎಸೆಯಿರಿ. ಚೆನ್ನಾಗಿದ್ದರೆ ಬಿಚ್ಚಿ, ಪಕ್ಕ ಅಮುಕಿ ಬೋರಲು ಹಾಕಿ. ಇಟ್ಟಿಗೆ ಆಕಾರದ ಗುಲಾಬಿ ಗಟ್ಟಿ ಜಾರಿ ಬೀಳುತ್ತದೆ. ಸುತ್ತ ಅಂಟಿದ ಲೋಳೆಯನ್ನು ಒರೆಸಿ ತೆಗೆಯುತ್ತೇನೆ. ಕಡಲೆಕಾಯಿ ಗಾತ್ರಕ್ಕೆ ಹೆಚ್ಚಿ, ಕುದಿಯುವ ನೀರಲ್ಲಿ ಎರಡು ನಿಮಿಷ ಅದ್ದಿ ಬಸಿದರೆ ಒಂದಿಷ್ಟು ಉಪ್ಪು ಬಿಡುತ್ತದೆ. ಆಮೇಲೆ ಕಬ್ಬಿಣದ ಕಾವಲಿ, ಹದವಾದ ಉರಿ, ಒಂದು ಹನಿ ಎಣ್ಣೆಯೂ ಬೇಡ. ಸ್ವಲ್ಪ ಹೊತ್ತಿಗೆ ಅದರದೇ ಜಿಡ್ಡು ಕರಗಿ ಚಿಟಪಟ ಅನ್ನುತ್ತದೆ. ಸುಮ್ಮನೆ ಕೈಯಾಡಿಸುತ್ತಿದ್ದರೆ ಪುಡಿಯಾಗುತ್ತದೆ. ಅಡಿ ಕೆಂಪಗಾಗಿ ತಾನೇ ಕಾವಲಿ ಬಿಡುವವರೆಗೆ ಕಾಯಬೇಕು. ಅಂಚು ಗರಿಗರಿಯಾದಾಗ ತೆಗೆದಿಡಿ. ಈ ಹಂತದಲ್ಲಿ ಕಾವಲು ಕೂರದಿದ್ದರೆ ಓರಗಿತ್ತಿಯ ಮಕ್ಕಳು ಸಾರಿಗೆ ಏನೂ ಉಳಿಸಲ್ಲ.

ಅದೇ ಜಿಡ್ಡಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಹಿದುಕಿದ ಅವರೆಬೇಳೆ, ಆಲೂಗೆಡ್ಡೆ ಹಾಕಿ. ಅವರೆ ಕಾಲವಲ್ಲದಿದ್ದರೆ ಬೇಯಿಸಿದ ಹುರುಳಿಕಾಳು. ಮಸಾಲೆ ನಮ್ಮ ಮಾಮೂಲಿ ಬಾಡಿನ ಸಾರಿನದೇ: ಧನಿಯಾ, ಖಾರದಪುಡಿ, ಶುಂಠಿ, ಚಕ್ಕೆ, ಲವಂಗ, ಕಾಯಿ, ಕೊತ್ತಂಬರಿ ಸೊಪ್ಪು. ಉಪ್ಪು ಮಾತ್ರ ಬೇಡವೇ ಬೇಡ. ಕಾಳು ಬೆಂದ ಮೇಲೆ ಹುರಿದ ತುಂಡು ಹಾಕಿ ಐದು ನಿಮಿಷ ಕುದಿಸಿ, ನಿಂಬೆಹುಳಿ ಹಿಂಡಿ. ಕುಕ್ಕರಿಗೆ ಹಾಕಬೇಡಿ, ಮೊದಲೇ ಬೆಂದ ಮಾಂಸ, ಬೂಸಾ ಆಗುತ್ತದೆ. ಸಾರಿನ ಉಪ್ಪು ಚೂರು ಮುಂದಿದ್ದರೂ ಉಪ್ಪಿಲ್ಲದ ರಾಗಿ ಮುದ್ದೆ ಸರಿದೂಗಿಸುತ್ತದೆ. ಅನ್ನಕ್ಕೆ ಅಷ್ಟು ಹೊಂದಲ್ಲ. ಬಿರಿಯಾನಿಗಂತೂ ದಂಡ.

ಮೈದುನನಿಗೆ ಇಷ್ಟು ಮಸಾಲೆಯೇ ಒಪ್ಪಿಗೆಯಿಲ್ಲ, ಮೊಟ್ಟೆ ಜೊತೆ ಬರೀ ಹುರಿದು ಕೊಡಿ ಅತ್ತಿಗೆ ಅನ್ನುತ್ತಾನೆ. ಅತ್ತೆ ಹಿತ್ತಿಲ ಕಟ್ಟೆ ಮೇಲೆ ಕೂತು ಉಣ್ಣುತ್ತಾರೆ. ಮಾವ ಕಾಳು, ಸಾರು ಎಲ್ಲ ಮುಗಿಸಿ ತುಂಡುಗಳನ್ನು ತಟ್ಟೆಯ ಅಂಚಿಗೆ ಸರಿಸಿಡುತ್ತಾರೆ, ಮೈದುನ ಅದನ್ನೂ ಎತ್ತಿಕೊಳ್ಳುತ್ತಾನೆ. ಅರ್ಧ ಡಬ್ಬಿ ಉಳಿದರೆ ಡಬ್ಬಿಯಲ್ಲೇ ಬಿಡದೆ ಸ್ಟೀಲ್ ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಡಿ, ಮೂರು ದಿನದೊಳಗೆ ಮುಗಿಸಿ.