ರಾತ್ರಿ ಒಂಬತ್ತರ ಗೇಟು: ರೂಟ್ ಪ್ಲಾನರ್ ಟೆಸ್ಟ್ ಮಾಡಿದ ನನ್ನ ಅನುಭವ

ರೂಟ್ ಪ್ಲಾನರ್ ಸಾಮಾನ್ಯವಾಗಿ "ಗೊತ್ತಿಲ್ಲ" ಅನ್ನುವುದಿಲ್ಲ. ಎರಡು ಊರಿನ ಹೆಸರು ಕೊಟ್ಟರೆ ನೀಲಿ ಗೆರೆ ಎಳೆದೇ ಎಳೆಯುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಟೆಸ್ಟ್ ಮಾಡಿಕೊಂಡಿದ್ದ ನಾನು ಈ ಕೆಲಸಕ್ಕೆ ಬಂದಾಗ ತೊಡಕಾಗಿ ಕಂಡದ್ದು ಅದೇ. ಬಿಲ್ಲಿನಲ್ಲಿ ಜಿಎಸ್‌ಟಿ ತಪ್ಪಿದ್ದರೆ ಕ್ಯಾಲ್ಕುಲೇಟರ್ ಹಿಡಿದು ತೋರಿಸಬಹುದು. ಗೆರೆ ತಪ್ಪಿದೆ ಅನ್ನುವುದಕ್ಕೆ ಆ ರಸ್ತೆ ಗೊತ್ತಿರಬೇಕು.

ನಾನಿರುವುದು ಮೈಸೂರಿನ ಒಂದು ಸಣ್ಣ ತಂಡದಲ್ಲಿ. ಲಾರಿ, ಟೆಂಪೊ ಇಟ್ಟುಕೊಂಡು ತರಕಾರಿ, ಸಿಮೆಂಟು, ಔಷಧ ಸಾಗಿಸುವವರಿಗೆ ದಾರಿ ಹಾಕಿಕೊಡುವ ಸಾಫ್ಟ್‌ವೇರ್ ನಮ್ಮದು. ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದು (ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ), ಅಡಿಯಲ್ಲಿ ದಾರಿ ಲೆಕ್ಕಹಾಕುವ ಎಂಜಿನ್ ಓಪನ್ ಸೋರ್ಸ್, ಮೇಲಿನದೆಲ್ಲ ನಾವು ಕಟ್ಟಿಕೊಂಡಿದ್ದು. ಅದಕ್ಕೆ ಹೊಸದಾಗಿ ಸೇರಿಸಿದ ಫೀಚರ್: ಇಂತಿಷ್ಟು ಹೊತ್ತು ಮಾತ್ರ ಮುಚ್ಚಿರುವ ರಸ್ತೆಗಳನ್ನು ಆ ಹೊತ್ತಿನಲ್ಲಿ ತಪ್ಪಿಸಿ ದಾರಿ ತೋರಿಸುವುದು.

ಮೈಸೂರು ಸೀಮೆಯವರು ಇದಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಿಲ್ಲ. ಬಂಡೀಪುರದ ಕಾಡಿನಲ್ಲಿ ಹಾದುಹೋಗುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಒಂದು ಗುಂಡ್ಲುಪೇಟೆಯಿಂದ ಕೇರಳದ ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿಗೆ ಹೋಗುವ 766, ಇನ್ನೊಂದು ಊಟಿ ಕಡೆಗೆ ಹೋಗುವ 181. ಹಳೇ ಡ್ರೈವರುಗಳ ಬಾಯಲ್ಲಿ ಅವು ಈಗಲೂ 212, 67. ಈ ನಿಷೇಧ 2009ರಲ್ಲಿ ಶುರುವಾಗಿ ಹೈಕೋರ್ಟಿನಲ್ಲೂ ನಿಂತಿತು. ಆಂಬುಲೆನ್ಸ್‌ಗೆ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ವಿನಾಯಿತಿ ಇದೆ. ಪಕ್ಕದಲ್ಲೇ ಎಚ್.ಡಿ. ಕೋಟೆಯಿಂದ ಬಾವಲಿ ಮೇಲೆ ಅದೇ ವಯನಾಡಿನ ಮಾನಂದವಾಡಿಗೆ ಹೋಗುವ ರಸ್ತೆಯದು ಬೇರೆಯೇ ವೇಳೆ, ಸಂಜೆ 6ರಿಂದ ಬೆಳಿಗ್ಗೆ 6. ರಾತ್ರಿ ವಯನಾಡಿಗೆ ಹೋಗಲೇಬೇಕು ಅಂದರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಸುತ್ತಿಕೊಂಡು ಮಾನಂದವಾಡಿಗೆ ಇಳಿಯಬೇಕು. ಒಂದೇ ಜಿಲ್ಲೆಗೆ ಮೂರು ದಾರಿ, ಮೂರಕ್ಕೂ ಮೂರು ಥರದ ವೇಳಾಪಟ್ಟಿ. ಟೆಸ್ಟರ್‌ಗೆ ಇನ್ನೇನು ಬೇಕು!

ಕಂಪ್ಯೂಟರ್ ಮುಂದೆ ಕೂರುವ ಮೊದಲು ಬಂಡಿಪಾಳ್ಯದ ಎಪಿಎಂಸಿ ಯಾರ್ಡಿಗೆ ಹೋಗಿ ವಯನಾಡಿಗೆ ತರಕಾರಿ ಹೊಡೆಯುವ ಡ್ರೈವರುಗಳನ್ನು ಮಾತಿಗೆಳೆದೆ. ಸಾಫ್ಟ್‌ವೇರ್ ಉತ್ತರ ಕೊಡುವ ಮೊದಲೇ ಸರಿಯಾದ ಉತ್ತರ ನನ್ನ ನೋಟ್‌ಬುಕ್ಕಿನಲ್ಲಿ ಇರಬೇಕಿತ್ತು. ಉತ್ತರ ನೋಡಿಬಿಟ್ಟ ಮೇಲೆ "ಹೌದಲ್ಲ, ಸರಿಯಾಗೇ ಇದೆ" ಅನ್ನಿಸಿಬಿಡುತ್ತದೆ.

"ಸಾರ್, ಒಂಬತ್ತು ಅಂದ್ರೆ ಒಂಬತ್ತೇ. ಎಂಟೂವರೆಗೆಲ್ಲ ಗುಂಡ್ಲುಪೇಟೆ ದಾಟಿರ್ಬೇಕು. ಇಲ್ಲಾಂದ್ರೆ ಗಾಡಿ ಸೈಡಿಗ್ ಹಾಕಿ ಮಲಗೋದೇ" ಅಂದರು ಒಬ್ಬರು.

"ಕುಟ್ಟ ಕಡೆಯಿಂದ ಹೋಗಲ್ವಾ ಅಣ್ಣ?"

"ಆ ಸುತ್ತಿಗೆ ಡೀಸೆಲ್ಲು ನೀವ್ ಹಾಕಿಸ್ತೀರಾ?"

ಈ ಕೊನೆಯ ಮಾತಿನ ತೂಕ ನಮಗೆ ಅರಿವಾದದ್ದು ತಡವಾಗಿ. ಅದು ಮುಂದೆ ಬರುತ್ತದೆ.

ಮೊದಲ ಹಂತದ ಟೆಸ್ಟಿಗೆ ನಿಜವಾದ ನಕ್ಷೆ ಬೇಡ. ಓಎಸ್‌ಆರ್‌ಎಂ, ವಲ್ಹಾಲಾದಂಥ ಎಂಜಿನ್‌ಗಳನ್ನು ಕಟ್ಟಿದವರು ಒಂದು ಒಳ್ಳೆಯ ರೂಢಿ ಹಾಕಿಕೊಟ್ಟಿದ್ದಾರೆ. ಕೀಬೋರ್ಡಿನ ಅಕ್ಷರ, ಗೆರೆಗಳಲ್ಲೇ ಒಂದು ಪುಟ್ಟ ನಕ್ಷೆ ಬರೆದು, ಇಲ್ಲಿಂದ ಅಲ್ಲಿಗೆ ಇದೇ ದಾರಿ ಬರಬೇಕು ಎಂದು ಟೆಸ್ಟಿನಲ್ಲೇ ನಮೂದಿಸುವುದು. ನಾವೂ ಹಾಗೇ ಮಾಡಿದೆವು: ಎರಡು ಊರು, ನಡುವೆ ನೇರವಾದ ನಿಷೇಧದ ರಸ್ತೆ, ಪಕ್ಕದಲ್ಲಿ ಉದ್ದದ ಸುತ್ತು. ನಂತರ ಗಡಿಯಾರದ ಅಂಚುಗಳಲ್ಲಿ ಕೆದಕಿದೆ. 20:59ಕ್ಕೆ ನೇರ ದಾರಿ, 21:00ಕ್ಕೆ ಸುತ್ತು, 05:59ಕ್ಕೆ ಸುತ್ತು, 06:00ಕ್ಕೆ ಮತ್ತೆ ನೇರ ಬರಬೇಕಿತ್ತು. ರಾತ್ರಿ ಒಂದು ಗಂಟೆಗೆ ಕೇಳಿದಾಗ ನೇರ ದಾರಿ ಬಂತು! "ಶುರುವಿನ ಹೊತ್ತಿಗಿಂತ ಹೆಚ್ಚು, ಮುಗಿಯುವ ಹೊತ್ತಿಗಿಂತ ಕಡಿಮೆ" ಎಂದು ಕೋಡ್ ಬರೆದಿದ್ದರೆ 21ಕ್ಕಿಂತ ಹೆಚ್ಚೂ 6ಕ್ಕಿಂತ ಕಡಿಮೆಯೂ ಆದ ಗಂಟೆ ಯಾವುದೂ ಇರುವುದಿಲ್ಲ. ನಡುರಾತ್ರಿ ದಾಟುವ ವೇಳೆಯನ್ನು ಬೇರೆಯಾಗಿಯೇ ನೋಡಬೇಕು. ಇದು ಸುಲಭದ್ದು, ಆ ಮಧ್ಯಾಹ್ನವೇ ಸರಿಹೋಯಿತು.

ನಿಜವಾದ ನಕ್ಷೆಗೆ ಬಂದಾಗ ವಿಚಿತ್ರ ಶುರುವಾಯಿತು. ಬೆಳಿಗ್ಗೆ ಹತ್ತಕ್ಕೆ ಗುಂಡ್ಲುಪೇಟೆಯಿಂದ ಬತ್ತೇರಿಗೆ ದಾರಿ ಕೇಳಿದರೆ, ಹಿಂದಕ್ಕೆ ಬಂದು ಕುಟ್ಟದ ಮೇಲೆ ಹೋಗು ಅನ್ನುತ್ತಿತ್ತು. ರಾತ್ರಿ ಹತ್ತಕ್ಕೆ ಕೇಳಿದರೆ ನೆಟ್ಟಗೆ ಬಂಡೀಪುರದೊಳಗೆ. ನನಗೆ ಥಟ್ಟನೆ ಹೊಳೆಯಲಿಲ್ಲ. ಅರ್ಧರ್ಧ ಗಂಟೆಗೊಂದರಂತೆ ದಿನವಿಡೀ ಇದೇ ಪ್ರಶ್ನೆ ಕೇಳುವ ಸಣ್ಣ ಸ್ಕ್ರಿಪ್ಟ್ ಬರೆದು ಓಡಿಸಿದಾಗ ಗುಟ್ಟು ಬಯಲಾಯಿತು: ನಿಷೇಧ ಬೆಳಗಿನ ಜಾವ 2:30ಕ್ಕೆ ಶುರುವಾಗಿ 11:30ಕ್ಕೆ ಮುಗಿಯುತ್ತಿದೆ. ಅಂದರೆ ಸರ್ವರ್ ಗ್ರೀನಿಚ್ ಹೊತ್ತಿನಲ್ಲಿ ಒಂಬತ್ತು ಹೊಡೆಯುವುದನ್ನು ಕಾಯುತ್ತಿತ್ತು. ನಮ್ಮ ಐದೂವರೆ ಗಂಟೆ ಅದಕ್ಕೆ ಗೊತ್ತೇ ಇರಲಿಲ್ಲ. ನಕ್ಷೆ ತಯಾರಿಸುವಾಗ ಟೈಮ್ ಜೋನ್ ಮಾಹಿತಿ ಸೇರಿಸುವ ಹಂತವೇ ಬಿಟ್ಟುಹೋಗಿತ್ತು. ಅದೇ ಗುಮಾನಿಯಿಂದ ಹುಡುಕಿದಾಗ ರಾಜ್ಯ, ದೇಶಗಳ ಗಡಿ ಸೇರಿಸುವ ಹಂತವೂ ಇಲ್ಲ ಎಂದು ತಿಳಿಯಿತು. ಯಾವ ದೇಶ ಎಂದು ತಿಳಿಯದಿದ್ದರೆ ಎಂಜಿನ್ ವಾಹನಗಳು ಬಲಗಡೆ ಓಡುತ್ತವೆ ಎಂದು ಭಾವಿಸುತ್ತದೆ. ಆಗ ಬಲಕ್ಕೆ ತಿರುಗುವುದು ಸಲೀಸು, ಎಡಕ್ಕೆ ತಿರುಗುವುದು ಕಷ್ಟ ಎಂಬ ಲೆಕ್ಕದಲ್ಲೇ ಊರೊಳಗಿನ ದಾರಿಗಳನ್ನು ಆರಿಸುತ್ತದೆ. ಅಷ್ಟು ದಿನ ಯಾರೂ ದೂರಿರಲಿಲ್ಲ. ಗೆರೆ ಬರುತ್ತಿತ್ತಲ್ಲ.

ಇಷ್ಟಾದ ಮೇಲೆ ನಿಜವಾದ ಪ್ರಶ್ನೆ: ಯಾವ ಹೊತ್ತನ್ನು ನೋಡಬೇಕು? ಲಾರಿ ಹೊರಡುವ ಹೊತ್ತನ್ನಲ್ಲ, ಗೇಟಿಗೆ ಮುಟ್ಟುವ ಹೊತ್ತನ್ನು. ಮೈಸೂರಿನಿಂದ ಗುಂಡ್ಲುಪೇಟೆಗೇ ಸುಮಾರು 60 ಕಿ.ಮೀ., ಅಲ್ಲಿಂದ ಮುಂದೆ ಮದ್ದೂರಿನ ಚೆಕ್‌ಪೋಸ್ಟ್. (ಇದು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು. ನಮ್ಮ ಸರ್ಚ್ ಪೆಟ್ಟಿಗೆ ಮೊದಮೊದಲು ವಡೆಯ ಮದ್ದೂರಿಗೇ ಎಳೆದೊಯ್ಯುತ್ತಿತ್ತು, ಅದು ಬೇರೆ ಕಥೆ.) ಸಂಜೆ ಏಳೂಕಾಲಿಗೆ ಹೊರಟ ಕಾರು ಗೇಟು ಮುಚ್ಚುವ ಮೊದಲೇ ದಾಟಬಹುದು. ಅದೇ ಹೊತ್ತಿಗೆ ಹೊರಟ ಲೋಡ್ ಲಾರಿಯ ಕಥೆ ಹೇಳಲಾಗದು. ಆದ್ದರಿಂದ ನಿಷೇಧದ ಫೀಚರ್ ಟೆಸ್ಟ್ ಮಾಡಲು ಹೋದವರು ಲಾರಿಯ ವೇಗದ ಅಂದಾಜನ್ನೂ ಟೆಸ್ಟ್ ಮಾಡಬೇಕಾಯಿತು. ಮೊದಲೆಲ್ಲ ಹತ್ತು ನಿಮಿಷ ಹೆಚ್ಚುಕಡಿಮೆಯಾದರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಆ ಹತ್ತು ನಿಮಿಷ ಒಂಬತ್ತು ಗಂಟೆ ಕಾಯಿಸಬಹುದು. ಗೇಟಿಗೆ ಮುಟ್ಟುವ ಅಂದಾಜು ಎಂಟೂವರೆ ದಾಟಿದರೆ "ಗೇಟು ಸಿಗದಿರಬಹುದು" ಎಂಬ ಎಚ್ಚರಿಕೆ ತೋರಿಸುವಂತೆ ಮಾಡಿಸಿದೆವು. ಅರ್ಧ ಗಂಟೆ ಎಂಬ ಅಳತೆ ಡ್ರೈವರುಗಳು ಹೇಳಿದ್ದೇ.

ನನಗೆ ಅತಿ ಹೆಚ್ಚು ಕಲಿಸಿದ ತೊಂದರೆ ಕಾಡಿನೊಳಗಿನದು. 8:50ಕ್ಕೆ ಗೇಟು ದಾಟುವಂತೆ ಹೊತ್ತು ಕೊಟ್ಟೆ. ಸಲೀಸಾಗಿ ದಾರಿ ಬರಬೇಕು. ಬಂದದ್ದು ಕುಟ್ಟದ ಸುತ್ತು! ಕಾರಣ ಹೀಗೆ: ನಕ್ಷೆಯಲ್ಲಿ ಹೆದ್ದಾರಿ ಒಂದೇ ಉದ್ದ ಗೆರೆಯಾಗಿ ಇರುವುದಿಲ್ಲ. ಸೇತುವೆ ಬಂದಲ್ಲಿ, ರಸ್ತೆಯ ಗುಣ ಬದಲಾದಲ್ಲಿ ಕತ್ತರಿಸಿ ತುಂಡುತುಂಡಾಗಿ ಇರುತ್ತದೆ. ನಿಷೇಧವನ್ನು ಅಂಟಿಸಿರುವುದು ತುಂಡುಗಳಿಗೆ, ಗೇಟಿಗಲ್ಲ. ಎಂಜಿನ್ ಪ್ರತಿ ತುಂಡಿಗೆ ಕಾಲಿಡುವಾಗಲೂ ಗಡಿಯಾರ ನೋಡುತ್ತದೆ. 8:50ಕ್ಕೆ ಒಳಗೆ ಹೋದ ಲಾರಿಗೆ 9:01ಕ್ಕೆ ಮುಂದಿನ ಸೇತುವೆ ಮುಚ್ಚಿದೆ, ಹಾಗಾಗಿ ಈ ದಾರಿ ಆಗದು ಎಂದು ಅದರ ತೀರ್ಮಾನ. ರಸ್ತೆಯಲ್ಲಿ ಹಾಗಿಲ್ಲ. ಗೇಟಿನೊಳಗೆ ಹೋದವರು ಆಚೆ ದಾಟಲೇಬೇಕು, ಅರಣ್ಯ ಇಲಾಖೆಗೆ ಬೇಡದ್ದು ಅಲ್ಲಿ ಗಾಡಿ ನಿಲ್ಲಿಸುವುದು.

ನಿಷೇಧವಿಲ್ಲದ ತುಂಡಿನಿಂದ ನಿಷೇಧವಿರುವ ತುಂಡಿಗೆ ಹೋಗುವಾಗ ಮಾತ್ರ ಗಡಿಯಾರ ನೋಡು, ಒಳಗಿದ್ದಾಗ ಬೇಡ ಎಂದು ನಿಯಮ ಬದಲಾಯಿತು. ಬದಲಾದ ನಿಯಮ ತನ್ನದೇ ಟೆಸ್ಟುಗಳನ್ನು ಹೆತ್ತಿತು. ಕಾಡಿನ ನಡುವೆ 9:15ಕ್ಕೆ ಯಾರಾದರೂ ಆ್ಯಪ್ ತೆರೆದರೆ? ಅವರಿಗೆ "ದಾರಿ ಇಲ್ಲ" ಅನ್ನಬಾರದು, ಹೊರಗೆ ಕರೆದೊಯ್ಯಬೇಕು. ಯಾರೋ ನಕ್ಷೆ ತಿದ್ದುವಾಗ ಒಂದು ಮೋರಿಯ ತುಂಡಿನಿಂದ ನಿಷೇಧ ಉದುರಿಹೋಗಿದ್ದರೆ? ಅಲ್ಲಿಂದ ಮುಂದಕ್ಕೆ ಹೊಸದಾಗಿ ಒಳಹೊಕ್ಕ ಲೆಕ್ಕವಾಗಿ ದಾರಿ ಮತ್ತೆ ಮುಚ್ಚಿಕೊಳ್ಳುತ್ತದೆ. ಇಂಥ ತೂತುಗಳನ್ನು ಹುಡುಕುವ ಸ್ಕ್ರಿಪ್ಟ್ ಈಗ ಪ್ರತಿ ಸಲ ಹೊಸ ನಕ್ಷೆ ಇಳಿಸಿದಾಗ ಓಡುತ್ತದೆ. ಫೀಚರ್ ಟೆಸ್ಟಿಗೆ ಮಾತ್ರ ಒಂದು ಹಳೆಯ ನಕ್ಷೆಯನ್ನೇ ಹಾಗೇ ಇಟ್ಟುಕೊಂಡಿದ್ದೇವೆ. ಕೋಡೂ ನಕ್ಷೆಯೂ ಒಟ್ಟಿಗೆ ಬದಲಾದರೆ ತಪ್ಪು ಯಾರದು ಎಂದು ಹೇಳಲಾಗುವುದಿಲ್ಲ.

ಮತ್ತೊಂದು ಕಳ್ಳ ಜಾಗ ದೂರದ ಪ್ರಯಾಣ. ಗುಂಡ್ಲುಪೇಟೆಯಿಂದ ಕೇಳಿದರೆ ಸರಿ, ಹುಬ್ಬಳ್ಳಿಯಿಂದ ಬತ್ತೇರಿಗೆ ಕೇಳಿದರೆ ನಿಷೇಧ ಮಾಯ. ದೂರ ಹೆಚ್ಚಾದಾಗ ಎಂಜಿನ್ ಎರಡೂ ತುದಿಯಿಂದ ಒಟ್ಟಿಗೆ ಹುಡುಕಲು ಶುರುಮಾಡುತ್ತದೆ, ಅದು ಬೇಗ. ಆದರೆ ಹಿಂದಿನಿಂದ ಹುಡುಕುವ ಕಡೆಗೆ ಗಂಟೆ ಎಷ್ಟೆಂದು ತಿಳಿಯುವುದು ಹೇಗೆ? ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂಬುದೇ ಇನ್ನೂ ಗೊತ್ತಿಲ್ಲವಲ್ಲ. ಅದಕ್ಕೆ ಗಡಿಯಾರವನ್ನೇ ಬಿಟ್ಟುಬಿಡುತ್ತಿತ್ತು, ತೆರೆಯ ಮೇಲೆ ಒಂದು ಸೂಚನೆಯೂ ಇಲ್ಲದೆ. ನಿಧಾನವಾದರೂ ಸರಿ ಎಂದು ಹೊತ್ತು ಕೊಟ್ಟ ಪ್ರಶ್ನೆಗಳಿಗೆಲ್ಲ ಒಂದೇ ಕಡೆಯಿಂದ ಹುಡುಕುವಂತೆ ಮಾಡಲಾಯಿತು. ಉತ್ತರ ಬರುವುದು ತಡವಾಗುತ್ತದೆ, ಬಳಸುವವರು ಗೊಣಗುತ್ತಾರೆ. ನನ್ನ ಪ್ರಕಾರ ಆ ಗೊಣಗಾಟವೇ ವಾಸಿ.

ರಸ್ತೆಗಿಳಿದು ಟೆಸ್ಟ್ ಮಾಡಲು ನಾವು ಆರಿಸಿಕೊಂಡದ್ದು ಬಾವಲಿ ರಸ್ತೆ. ನಿಷೇಧ ಸಂಜೆ ಆರಕ್ಕೇ ಶುರುವಾಗುವುದರಿಂದ ಬೆಳಕಿರುವಾಗಲೇ ಗೇಟಿನ ಈಚೆ ನಿಂತು ನೋಡಿ, ಊಟದ ಹೊತ್ತಿಗೆ ಮನೆ ಸೇರಬಹುದು. ಅಂತರಸಂತೆಯ ಬಳಿ ಬೇಕೆಂದೇ ತಪ್ಪು ತಿರುವು ತೆಗೆದುಕೊಂಡೆವು. ಆ್ಯಪ್ ಹೊಸ ದಾರಿ ಹಾಕಿತು, ನೇರ ಮುಚ್ಚಿದ ಗೇಟಿಗೆ! ಮೊದಲ ಸಲ ದಾರಿ ಕೇಳುವಾಗ ಹೊತ್ತು, ವಾಹನ ಎರಡನ್ನೂ ಕಳಿಸುತ್ತಿದ್ದ ಆ್ಯಪ್, ದಾರಿ ತಪ್ಪಿ ಮರಳಿ ಕೇಳುವಾಗ ಎರಡನ್ನೂ ಕಳಿಸುತ್ತಿರಲಿಲ್ಲ. ಮೇಜಿನ ಮೇಲೆ ಇದು ಸಿಕ್ಕಿರಲಿಲ್ಲ, ಯಾಕೆಂದರೆ ಮೇಜಿನ ಮೇಲೆ ಯಾರೂ ದಾರಿ ತಪ್ಪುವುದಿಲ್ಲ. ಆ ಪ್ರಯಾಣದ ಜಿಪಿಎಕ್ಸ್ ಕಡತವನ್ನು (ಹೋದ ದಾರಿಯ ಜಿಪಿಎಸ್ ದಾಖಲೆ) ಈಗ ಎಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ನಕಲಿ ಫೋನಿನಲ್ಲಿ, ಮತ್ತೆ ಮತ್ತೆ ಓಡಿಸುತ್ತೇವೆ. ಸಿಗ್ನಲ್ ಹೋಗುವ ಜಾಗಗಳಲ್ಲಿ ನೆಟ್‌ವರ್ಕನ್ನೂ ಕತ್ತರಿಸುತ್ತೇವೆ.

ಇನ್ನು ಆ ಡೀಸೆಲ್ ಮಾತು. ಬೆಳಗಿನ ಜಾವ ನಾಲ್ಕೂವರೆಗೆ ಗುಂಡ್ಲುಪೇಟೆ ಮುಟ್ಟುವ ಲಾರಿಗೆ ನಮ್ಮ ಸಾಫ್ಟ್‌ವೇರ್ ಕುಟ್ಟದ ದಾರಿ ತೋರಿಸುತ್ತಿತ್ತು. ಎಲ್ಲ ಟೆಸ್ಟೂ ಪಾಸು. ಆದರೆ ಯಾವ ಡ್ರೈವರೂ ಆಗ ಹುಣಸೂರಿನತ್ತ ತಿರುಗುವುದಿಲ್ಲ. ಚಹಾ ಕುಡಿದು, ಒಂದು ಕೋಳಿನಿದ್ದೆ ಮುಗಿಸಿ, ಆರಕ್ಕೆ ಗೇಟು ತೆರೆಯುವಾಗ ಸಾಲಿನಲ್ಲಿರುತ್ತಾನೆ. ಹಾಗಾಗಿ ಕಾಯುವುದೂ ಒಂದು ದಾರಿಯೇ ಎಂದು ಲೆಕ್ಕಕ್ಕೆ ಸೇರಿಸಬೇಕಾಯಿತು. ಈಗ ಎರಡನ್ನೂ ಅಕ್ಕಪಕ್ಕ ತೋರಿಸುತ್ತೇವೆ: ಸುತ್ತಿದರೆ ಇಷ್ಟು ಹೊತ್ತು, ಇಷ್ಟು ಕಿಲೋಮೀಟರು, ಕಾದರೆ ಇಷ್ಟು ಹೊತ್ತು. ಔಷಧದ ಗಾಡಿಯವರು ಸುತ್ತುತ್ತಾರೆ, ಸಿಮೆಂಟಿನವರು ಕಾಯುತ್ತಾರೆ. ಲಾರಿ ನಿಲ್ಲಿಸಲು ಜಾಗ ಎಲ್ಲಿದೆ ಎಂಬುದನ್ನೂ ತೋರಿಸಿ ಎಂದು ಎಪಿಎಂಸಿಯವರು ಕೇಳಿದ್ದಾರೆ. ಅದು ಸಾಫ್ಟ್‌ವೇರಿನ ಮುಂದಿನ ಆವೃತ್ತಿಯಲ್ಲಿ ಬರುತ್ತದೆ.