ರಬ್ಬರ್ ಬ್ಯಾಂಡ್ ಹಿಡಿದು ಅರ್ಥಶಾಸ್ತ್ರದ ಪಾಠ

ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು, ಅಂದರೆ ಬೆಲೆ ಬದಲಾದರೆ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆಂಬ ಅಳತೆಯನ್ನು, ನಾನು ಸೂತ್ರದಿಂದ ಶುರು ಮಾಡುವುದಿಲ್ಲ. ಒಂದು ಮೊಳೆ, ಒಂದು ಸ್ಕೇಲು, ತೂಕದ ಬಟ್ಟುಗಳು, ಒಂದೇ ಬಗೆಯ ಎರಡು ರಬ್ಬರ್ ಬ್ಯಾಂಡ್ ಇದ್ದರೆ ಸಾಕು. ಒಂದು ಬ್ಯಾಂಡನ್ನು ಮೊಳೆಗೆ ಸಿಕ್ಕಿಸಿ, ಬಟ್ಟು ತೂಗುಬಿಟ್ಟು, ಎಷ್ಟು ಹಿಗ್ಗಿತೆಂದು ಬರೆಸುತ್ತೇನೆ. ಆಮೇಲೆ ಎರಡನ್ನೂ ಒಂದಕ್ಕೊಂದು ಕೊಂಡಿ ಹಾಕಿ ಅದೇ ಬಟ್ಟು ತೂಗಿದರೆ ಹಿಗ್ಗುವಿಕೆ ಹೆಚ್ಚುಕಡಿಮೆ ದುಪ್ಪಟ್ಟು. ರಬ್ಬರಿನ ಗುಣ ಬದಲಾಯಿತೇ? ಹಿಗ್ಗಿದ್ದನ್ನು ಮೂಲ ಉದ್ದದಿಂದ ಭಾಗಿಸಿ ನೋಡಿ, ಎರಡೂ ಸರಿಸುಮಾರು ಒಂದೇ. ಅಳತೆ ಇಂಚಿನಲ್ಲಿದ್ದರೂ ಅಷ್ಟೇ, ಸೆಂಟಿಮೀಟರಿನಲ್ಲಿದ್ದರೂ ಅಷ್ಟೇ.

ಇಲ್ಲಿಂದ ಶೇಕಡಾವಾರಿಗೆ ದಾಟುವುದು ಸುಲಭ: ಮಾರಾಟ ಶೇಕಡಾ ಎಷ್ಟು ಬದಲಾಯಿತೋ ಅದನ್ನು ಬೆಲೆ ಶೇಕಡಾ ಎಷ್ಟು ಬದಲಾಯಿತೋ ಅದರಿಂದ ಭಾಗಿಸಿದರೆ ಸ್ಥಿತಿಸ್ಥಾಪಕತ್ವ. ಮಾರಾಟವನ್ನು ಕಿಲೋ ಬದಲು ಕ್ವಿಂಟಲ್‌ನಲ್ಲಿ ಬರೆದರೆ ಗ್ರಾಫಿನ ಇಳಿಜಾರು ಬದಲಾಗುತ್ತದೆ, ಕೊಳ್ಳುವವರ ಮನಸ್ಸು ಬದಲಾಗುವುದಿಲ್ಲ. 1890ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಈ ಅಳತೆಗೆ ಕೊಟ್ಟ ರೂಪವೇ ಇಂದಿಗೂ ಪಠ್ಯದಲ್ಲಿದೆ.

ಲೆಕ್ಕಕ್ಕೆ ಕೂತಾಗ ಒಂದು ಕಿರಿಕಿರಿ ಎದುರಾಗುತ್ತದೆ. ಬೆಲೆ 10 ಇದ್ದಾಗ 100 ಮಾರಾಟ, 12 ಆದಾಗ 80 ಎಂದುಕೊಳ್ಳಿ. ಏರುವಾಗ ಬೆಲೆ ಶೇ. 20 ಹೆಚ್ಚು, ಮಾರಾಟ ಶೇ. 20 ಕಡಿಮೆ, ಉತ್ತರ 1. ಅದೇ ದಾರಿಯಲ್ಲಿ ಹಿಂದಕ್ಕೆ ಬಂದರೆ 1.5! ಅದಕ್ಕೇ ನಾನು ಶೇಕಡಾ ಲೆಕ್ಕ ಹಾಕುವಾಗ ಬದಲಾವಣೆಯನ್ನು ಶುರುವಿನ ಅಂಕಿಯ ಬದಲು ಎರಡೂ ತುದಿಗಳ ಸರಾಸರಿಯಿಂದ ಭಾಗಿಸುತ್ತೇನೆ. ಆಗ ಎತ್ತಲಿಂದ ಬಂದರೂ ಸುಮಾರು 1.22. ಅಂಕಿ 1ಕ್ಕಿಂತ ಹೆಚ್ಚಿದ್ದರೆ ಬೆಲೆ ಏರಿದಾಗ ಒಟ್ಟು ವಸೂಲಿ ಇಳಿಯುತ್ತದೆ; ಇಲ್ಲಿ ಅದು 1000ದಿಂದ 960ಕ್ಕೆ ಇಳಿದದ್ದೂ ಇದಕ್ಕೆ ತಾಳೆಯಾಗುತ್ತದೆ.

ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಭೌತಶಾಸ್ತ್ರಕ್ಕೆ ಮುಖ್ಯವಾದದ್ದು ಭಾರ ತೆಗೆದ ಮೇಲೆ ವಸ್ತು ಮೊದಲಿನಂತಾಗುವುದು. ಹಿಗ್ಗಿಸುವುದಕ್ಕೆ ವಸ್ತು ಎಷ್ಟು ಬಿಗಿಯಾಗಿ ಎದುರು ನಿಲ್ಲುತ್ತದೆಂದು ಹೇಳುವ ಅಂಕಿ ಯಂಗ್ ಗುಣಾಂಕ; ಉಕ್ಕಿನದು ಸುಮಾರು 200 ಗಿಗಾಪಾಸ್ಕಲ್, ರಬ್ಬರಿನದು ಅದರ ಸಾವಿರದಲ್ಲೊಂದು ಪಾಲೂ ಇಲ್ಲ. ಗುಣಾಂಕ ದೊಡ್ಡದಾದಷ್ಟೂ ಹಿಗ್ಗುವುದು ಕಡಿಮೆ. ಅರ್ಥಶಾಸ್ತ್ರದ ಅಂಕಿ ದೊಡ್ಡದಾದಷ್ಟೂ ಬೇಡಿಕೆಯ ಏರಿಳಿತ ಹೆಚ್ಚು. ಬೆಲೆ ಹಿಂದಕ್ಕೆ ಬಂದರೆ ಗಿರಾಕಿಯೂ ಬರುತ್ತಾನೆಂಬ ಖಾತ್ರಿಯನ್ನು ಅದು ಕೊಡುವುದಿಲ್ಲ. (ರಬ್ಬರೇನು ಕಡಿಮೆಯೇ? ಬಟ್ಟು ಏರಿಸುವಾಗಿನ ಉದ್ದಕ್ಕೂ ಇಳಿಸುವಾಗಿನ ಉದ್ದಕ್ಕೂ ತುಸು ವ್ಯತ್ಯಾಸ ಇದ್ದೇ ಇರುತ್ತದೆ.)

ಕೊನೆಗೆ ಒಂದು ಸ್ಪ್ರಿಂಗ್ ತೂಗುಹಾಕಿಸುತ್ತೇನೆ. ಮಿತಿಯೊಳಗೆ ಭಾರಕ್ಕೂ ಹಿಗ್ಗುವಿಕೆಗೂ ಒಂದೇ ಅನುಪಾತ; 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮ ಅದು. ಬೇಡಿಕೆಯ ನೇರ ಗೆರೆ ಹಾಗಲ್ಲ. ಮೇಲಿನ ಲೆಕ್ಕದ ಗೆರೆಯನ್ನೇ ಎರಡೂ ಕಡೆ ಉದ್ದಕ್ಕೆ ಎಳೆದರೆ ಬೆಲೆ 15ರಲ್ಲಿ ಸ್ಥಿತಿಸ್ಥಾಪಕತ್ವ 3, 10ರಲ್ಲಿ 1, 5ರಲ್ಲಿ ಮೂರನೇ ಒಂದು. ಇಳಿಜಾರು ಮಾತ್ರ ಉದ್ದಕ್ಕೂ ಒಂದೇ.